ಇ-ಮೇಲ್ ಸರ್ವರ್‌ಗಳಲ್ಲಿ ಐಪಿವಿ-6: ಹೊಸ ವಿಳಾಸ, ಹಳೆಯ ಅಂಚೆ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಸಾಧನಕ್ಕೂ ಅಂಕಿಗಳ ರೂಪದ ಒಂದು ವಿಳಾಸವಿರುತ್ತದೆ. 1981ರಲ್ಲಿ ರೂಪುಗೊಂಡ ಐಪಿ ನಾಲ್ಕನೇ ಆವೃತ್ತಿಯಲ್ಲಿ ಈ ವಿಳಾಸ 32 ಬಿಟ್‌ಗಳದ್ದು. ಒಟ್ಟು ಲಭ್ಯವಿದ್ದುದು ಸುಮಾರು 429 ಕೋಟಿ ವಿಳಾಸಗಳು. 1998ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆರನೇ ಆವೃತ್ತಿಯ, ಅಂದರೆ ಐಪಿವಿ-6ರ ವಿಳಾಸ 128 ಬಿಟ್‌ಗಳದ್ದು. ಅಲ್ಲಿನ ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಈ ಎರಡು ಆವೃತ್ತಿಗಳು ಪರಸ್ಪರ ನೇರವಾಗಿ ಸಂಪರ್ಕಿಸಲಾರವು. ನಡುವೆ ಅನುವಾದಕ ವ್ಯವಸ್ಥೆಯೊಂದು ಇರಬೇಕು, ಇಲ್ಲವೇ ಸರ್ವರ್ ಎರಡೂ ಭಾಷೆಯನ್ನು ಬಲ್ಲದ್ದಾಗಿರಬೇಕು.

ಹಳೆಯ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದು ಬರಿದಾಯಿತು. ಏಷ್ಯಾ-ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯು ಅದೇ ವರ್ಷದ ಏಪ್ರಿಲ್ 15ರಿಂದ ತನ್ನ ಕೊನೆಯ ಗಂಟನ್ನು ಪಡಿತರದಂತೆ ಅಳೆದು ಕೊಡತೊಡಗಿತು. ಕೇಂದ್ರ ದೂರಸಂಪರ್ಕ ಇಲಾಖೆಯು 2010ರ ಜುಲೈನಲ್ಲೇ ಐಪಿವಿ-6 ಅಳವಡಿಕೆಯ ಮಾರ್ಗಸೂಚಿಯನ್ನು ಹೊರತಂದು, 2013ರ ಮಾರ್ಚ್‌ನಲ್ಲಿ ಅದರ ಎರಡನೇ ಆವೃತ್ತಿಯನ್ನು ಪ್ರಕಟಿಸಿತ್ತು. ಆದರೆ ಚಿತ್ರ ನಿಜಕ್ಕೂ ಬದಲಾದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭಗೊಂಡ ಬಳಿಕ. ಇಂದು ಭಾರತದ ಅಂತರಜಾಲ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ತಮಗೆ ಅರಿವಿಲ್ಲದೆಯೇ, ಹೊಸ ವಿಳಾಸದಲ್ಲಿದ್ದಾರೆ.

ಒಂದೇ ವಿಳಾಸದ ಹಿಂದೆ ನೂರಾರು ಮಂದಿ

ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂತಹ ಊರಿನಲ್ಲಿ ಅಂತರಜಾಲವೆಂದರೆ ಬಹುಮಟ್ಟಿಗೆ ಮೊಬೈಲೇ. ಇಂತಹ ಮೊಬೈಲೊಂದು ಐಪಿವಿ-6 ವಿಳಾಸ ಪಡೆದಿದ್ದು, ಅದು ತಲುಪಬೇಕಾದ ಇ-ಮೇಲ್ ಸರ್ವರ್ ಹಳೆಯ ವಿಳಾಸವನ್ನಷ್ಟೇ ಬಲ್ಲದು ಎಂದಿಟ್ಟುಕೊಳ್ಳೋಣ. ಆಗ ದೂರಸಂಪರ್ಕ ಸಂಸ್ಥೆಯ ಅನುವಾದಕ ಯಂತ್ರವು ಅನೇಕ ಗ್ರಾಹಕರನ್ನು ಒಂದೇ ಹಳೆಯ ವಿಳಾಸದ ಹಿಂದೆ ನಿಲ್ಲಿಸುತ್ತದೆ. ಪಾಮನಕಲ್ಲೂರಿನ ವಿದ್ಯಾರ್ಥಿ, ಸಿಂಧನೂರಿನ ಅಕ್ಕಿ ವ್ಯಾಪಾರಿ, ಇನ್ನಾವುದೋ ಜಿಲ್ಲೆಯ ಅಪರಿಚಿತ, ಎಲ್ಲರೂ ಸರ್ವರ್‌ನ ಕಣ್ಣಿಗೆ ಒಬ್ಬನೇ.

ತೊಂದರೆ ಇರುವುದು ಇಲ್ಲಿಯೇ. ಪಾಸ್‌ವರ್ಡ್ ಕದಿಯಲು ಯತ್ನಿಸುವವರನ್ನು ತಡೆಯಲೆಂದು, ಕೆಲವು ಬಾರಿ ತಪ್ಪು ಪಾಸ್‌ವರ್ಡ್ ಬಂದ ವಿಳಾಸವನ್ನು ಸರ್ವರ್‌ಗಳು ಸ್ವಲ್ಪ ಕಾಲ ಮುಚ್ಚಿಬಿಡುತ್ತವೆ. ಹಂಚಿಕೆಯ ವಿಳಾಸವಾದರೆ ತಪ್ಪು ಮಾಡಿದವನೊಬ್ಬ, ಬಾಗಿಲು ಮುಚ್ಚುವುದು ಮಾತ್ರ ಎಲ್ಲರಿಗೂ. ಪ್ರವೇಶಪತ್ರಕ್ಕಾಗಿ ಕಾಲೇಜಿನ ಇ-ಮೇಲ್ ತೆರೆಯಹೊರಟ ಹುಡುಗಿಗೆ ತನ್ನ ಪಾಸ್‌ವರ್ಡ್ ಸರಿಯಿದ್ದೂ ಏಕೆ ಪ್ರವೇಶವಿಲ್ಲವೆಂಬುದು ತಿಳಿಯುವುದೇ ಇಲ್ಲ. ಸರ್ವರ್ ಐಪಿವಿ-6ನ್ನು ಬೆಂಬಲಿಸಿದರೆ ಪ್ರತಿ ಮೊಬೈಲೂ ತನ್ನದೇ ವಿಳಾಸದೊಡನೆ ಬರುತ್ತದೆ. ದಂಡನೆ ತಪ್ಪಿತಸ್ಥನಿಗಷ್ಟೇ ಸೀಮಿತವಾಗುತ್ತದೆ. ದೊಡ್ಡ ಸಂಸ್ಥೆಗಳು ಈ ಬೆಂಬಲವನ್ನು ಎಂದೋ ನೀಡಿವೆ. ಹಿಂದುಳಿದಿರುವುದು ತಮ್ಮದೇ ಸರ್ವರ್ ನಡೆಸುವ ಸಣ್ಣ ಕಚೇರಿ, ಕಾಲೇಜು, ಸಹಕಾರ ಸಂಘಗಳು.

ತಂತ್ರಾಂಶದ ಸ್ಥಿತಿ

ತಂತ್ರಾಂಶದ ಕೊರತೆ ಇದಕ್ಕೆ ಕಾರಣವಲ್ಲ. ವಿಯೆಟ್ಸೆ ವೆನೆಮಾ ರೂಪಿಸಿದ, ಉಚಿತವಾಗಿ ದೊರೆಯುವ ಪೋಸ್ಟ್‌ಫಿಕ್ಸ್ ಇ-ಮೇಲ್ ಸರ್ವರ್‌ಗೆ 2005ರ 2.2 ಆವೃತ್ತಿಯಲ್ಲೇ ಐಪಿವಿ-6 ಬೆಂಬಲ ಸೇರಿತು. ಅದುವರೆಗೆ ಹೊರಗಿನವರು ಬರೆದ ತೇಪೆಯನ್ನು ಹಚ್ಚಿಕೊಳ್ಳಬೇಕಿತ್ತು. ಆದರೂ ಅದು ತಾನಾಗಿ ಚಾಲನೆಯಲ್ಲಿರುತ್ತಿರಲಿಲ್ಲ. ಎರಡೂ ಬಗೆಯ ವಿಳಾಸಗಳು ಮೂಲ ಸ್ಥಿತಿಯಲ್ಲೇ ಸಕ್ರಿಯವಾದದ್ದು 2012ರ 2.9 ಆವೃತ್ತಿಯಿಂದ. ಇದೇ ಕಾಲದ ಇನ್ನೊಂದು ಜನಪ್ರಿಯ ಸರ್ವರ್ ಕ್ಯೂಮೇಲ್‌ನ 1998ರ ಆವೃತ್ತಿಯಲ್ಲಿ ಈ ಬೆಂಬಲವೇ ಇರಲಿಲ್ಲ. ಅದರ ಕರ್ತೃ ಡೇನಿಯಲ್ ಬರ್ನ್‌ಸ್ಟೀನ್ ಐಪಿವಿ-6ರ ವಿನ್ಯಾಸವನ್ನೇ ಕಟುವಾಗಿ ಟೀಕಿಸಿದವರು.

ಪತ್ರ ಸಾಗುವ ಬಗೆ ಹೀಗಿದೆ: ಕಳುಹಿಸುವ ಸರ್ವರ್ ಮೊದಲು ಡಿಎನ್‌ಎಸ್‌ನಲ್ಲಿ ಎಂಎಕ್ಸ್ ದಾಖಲೆಯನ್ನು ನೋಡಿ, ಪತ್ರ ಪಡೆಯುವ ಸರ್ವರ್‌ನ ಹೆಸರು ತಿಳಿಯುತ್ತದೆ. ಆ ಹೆಸರಿಗೆ ‘ಎ’ ದಾಖಲೆಯಿದ್ದರೆ ಹಳೆಯ ವಿಳಾಸ, ‘ಎಎಎಎ’ ದಾಖಲೆಯಿದ್ದರೆ ಹೊಸ ವಿಳಾಸ ದೊರೆಯುತ್ತದೆ. ಹೊಸ ವಿಳಾಸದಲ್ಲಿ ಸಂಪರ್ಕವೇ ಸಿಗದಿದ್ದರೆ ಸರ್ವರ್ ಹಳೆಯ ವಿಳಾಸವನ್ನು ಪ್ರಯತ್ನಿಸುತ್ತದೆ. ಆದರೆ ಸಂಪರ್ಕ ಸಿಕ್ಕು, ಆ ಕಡೆಯವರು ಪತ್ರವನ್ನು ಖಾಯಂ ಆಗಿ ತಿರಸ್ಕರಿಸಿದರೆ ಎರಡನೇ ಪ್ರಯತ್ನವಿಲ್ಲ. ಪತ್ರ ಕಳುಹಿಸಿದವರಿಗೇ ಮರಳುತ್ತದೆ. ಐಪಿವಿ-6 ಚಾಲನೆಗೊಳಿಸಿದ ಮರುದಿನವೇ ‘ಮೇಲ್ ಹೋಗುತ್ತಿಲ್ಲ’ ಎಂಬ ದೂರು ಬರುವುದು ಬಹುತೇಕ ಈ ಕಾರಣಕ್ಕೆ.

ನಂಬಿಕೆಯ ಪ್ರಶ್ನೆ

ತಿರಸ್ಕಾರವೇಕೆ? ಇ-ಮೇಲ್ ಜಗತ್ತಿನಲ್ಲಿ ನಂಬಿಕೆ ನಿಂತಿರುವುದು ಬಹುಪಾಲು ವಿಳಾಸದ ಮೇಲೆ. ಸ್ಪ್ಯಾಮ್ ಕಳುಹಿಸಿದ ವಿಳಾಸವನ್ನು ಕಪ್ಪುಪಟ್ಟಿಗೆ ಸೇರಿಸುವುದು ಹಳೆಯ ಪದ್ಧತಿ. ಐಪಿವಿ-6ರಲ್ಲಿ ಒಂದೇ ಒಂದು ನೆಟ್‌ವರ್ಕ್‌ಗೆ ಸಾಮಾನ್ಯವಾಗಿ ದೊರೆಯುವ ಪಾಲೇ ಇಡೀ ಹಳೆಯ ಅಂತರಜಾಲದ ವಿಳಾಸ ಸಂಖ್ಯೆಯ ವರ್ಗದಷ್ಟು. ಸ್ಪ್ಯಾಮ್ ಕಳುಹಿಸುವವನು ಪ್ರತಿ ಪತ್ರಕ್ಕೂ ಹೊಸ ವಿಳಾಸ ಬಳಸಿದರೂ ಅದು ತೀರದು. ಆದ್ದರಿಂದ ಪಟ್ಟಿಗೆ ಬಿಡಿ ವಿಳಾಸದ ಬದಲು ಇಡೀ ಪಾಲನ್ನೇ ಸೇರಿಸಬೇಕಾಗುತ್ತದೆ. ಜೊತೆಗೆ ಪತ್ರ ಪಡೆಯುವವರು ಬೇರೆ ಗುರುತನ್ನೂ ಕೇಳುತ್ತಾರೆ.

ಅವುಗಳಲ್ಲಿ ಮೊದಲನೆಯದು ಪಿಟಿಆರ್ ದಾಖಲೆ, ಅಂದರೆ ಅಂಕಿಯಿಂದ ಹೆಸರನ್ನು ತಿಳಿಯುವ ಮರುಶೋಧ. 1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನವು ‘ದೇವಾನಾಂಪ್ರಿಯ’ ಎಂಬ ಬಿರುದಿಗೆ ಅಶೋಕನ ಹೆಸರನ್ನು ಜೋಡಿಸಿಕೊಟ್ಟಿತಲ್ಲವೇ, ಬಹುಮಟ್ಟಿಗೆ ಅದೇ ಬಗೆಯ ಕೆಲಸ. ಎರಡನೆಯದು ಎಸ್‌ಪಿಎಫ್: ಸಂಸ್ಥೆಯ ಪರವಾಗಿ ಯಾವ ವಿಳಾಸಗಳು ಪತ್ರ ಕಳುಹಿಸಬಹುದೆಂಬ ಬಹಿರಂಗ ಪಟ್ಟಿ. ಹಳೆಯ ವಿಳಾಸವನ್ನು ಅದರಲ್ಲಿ ಬರೆದು ಹೊಸದನ್ನು ಸೇರಿಸಲು ಮರೆಯುವುದು ತೀರಾ ಸಾಮಾನ್ಯ. ಮೂರನೆಯದಾದ ಡಿಕೆಐಎಂ ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಎಲ್ಲರಿಗೂ ಪಿಟಿಆರ್ ಹಾಗೂ ಉಳಿದೆರಡರಲ್ಲಿ ಒಂದನ್ನಾದರೂ ಕಡ್ಡಾಯಗೊಳಿಸಿದೆ. ಐಪಿವಿ-6 ಮೂಲಕ ಬರುವವರಿಗೆ ಈ ಬಿಗಿ ಅದಕ್ಕೂ ಮೊದಲೇ ಇತ್ತು.

ಪಿಟಿಆರ್ ದಾಖಲೆ ಬರೆಯುವ ಅಧಿಕಾರ ಸರ್ವರ್‌ನ ಒಡೆಯನ ಬಳಿ ಇರುವುದಿಲ್ಲ, ವಿಳಾಸ ಕೊಟ್ಟ ಅಂತರಜಾಲ ಸೇವಾ ಸಂಸ್ಥೆಯ ಬಳಿ ಇರುತ್ತದೆ. ಕೇಳಿದರೆ ಹಳೆಯ ವಿಳಾಸಕ್ಕೆ ಬರೆದುಕೊಟ್ಟು, ಹೊಸದಕ್ಕೆ ಕೈಚೆಲ್ಲುವ ಸಂಸ್ಥೆಗಳೂ ಉಂಟು. ಅಂತಹ ಕಡೆ ಐಪಿವಿ-6ನ್ನು ಪೂರ್ತಿಯಾಗಿ ಕೈಬಿಡಬೇಕಾಗಿಲ್ಲ. ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಕಡತದಲ್ಲಿ ಪತ್ರ ಕಳುಹಿಸುವ ವಿಭಾಗವನ್ನಷ್ಟೇ ಹಳೆಯ ವಿಳಾಸಕ್ಕೆ ಸೀಮಿತಗೊಳಿಸಿ, ಪತ್ರ ಪಡೆಯುವ ಹಾಗೂ ಬಳಕೆದಾರರು ಒಳಬರುವ ಬಾಗಿಲುಗಳನ್ನು ಎರಡೂ ವಿಳಾಸಗಳಿಗೆ ತೆರೆದಿಡಬಹುದು. ಪಿಟಿಆರ್ ದೊರೆತ ದಿನ ಆ ಒಂದು ಸಾಲನ್ನು ತೆಗೆದರೆ ಸಾಕು.