ಮಳೆಯ ಹನಿ ಮತ್ತು ಕೆರೆಯ ಹೂಳು

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯವಸಾಯದ ಇತಿಹಾಸವನ್ನು ಬರೆಯಹೊರಟವರು ಕೆರೆಗಳನ್ನು ಮರೆಯುವಂತಿಲ್ಲ. ಕೆರೆಗಳನ್ನು ಕುರಿತು ಬರೆಯುವವರು ಹೂಳನ್ನು ಮರೆಯುವಂತಿಲ್ಲ. ದುರಸ್ತಿಯ ಅಲಕ್ಷ್ಯವೇ ಹೂಳಿಗೆ ಕಾರಣವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಹೂಳನ್ನು ಎತ್ತದಿದ್ದುದೇಕೆ ಎಂಬುದು ಒಂದು ಪ್ರಶ್ನೆ. ಅದು ಬಂದುದು ಹೇಗೆ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ನಾವಿಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಹರಿಯುವ ನೀರೇ ಮಣ್ಣನ್ನು ಕೊರೆದು ಒಯ್ಯುತ್ತದೆಂಬುದು ಬಹುಕಾಲದ ನಂಬಿಕೆ. ಬೀಳುವ ಹನಿಯ ಕಡೆಗೆ ಗಮನ ಹರಿದುದು ತಡವಾಗಿ. ಇಂಗ್ಲೆಂಡಿನ ಎ. ಎಂ. ವರ್ದಿಂಗ್‌ಟನ್ನರು 1876ರಿಂದ ಹನಿಗಳ ಸಿಡಿತವನ್ನು ವಿದ್ಯುತ್ಕಿಡಿಯ ಕ್ಷಣಿಕ ಬೆಳಕಿನಲ್ಲಿ ಪರೀಕ್ಷಿಸುತ್ತ ಬಂದು, 1908ರಲ್ಲಿ ಛಾಯಾಚಿತ್ರಗಳೊಡನೆ ಗ್ರಂಥವನ್ನು ಪ್ರಕಟಿಸಿದರು. ಜರ್ಮನಿಯ ಎವಾಲ್ಡ್ ವೊಲ್ನಿ ಅದೇ ಶತಮಾನದ ಕೊನೆಯ ದಶಕಗಳಲ್ಲಿ ಸಸ್ಯದ ಹೊದಿಕೆಯು ಮಣ್ಣನ್ನು ಮಳೆಯಿಂದ ಕಾಯುವ ರೀತಿಯನ್ನು ಅಳೆದನು. ಇತ್ತ ಯಂತ್ರಶಾಸ್ತ್ರಜ್ಞರು 1920ರ ದಶಕದಲ್ಲಿ, ಹಬೆಯೊಳಗಿನ ನೀರಹನಿಗಳು ಟರ್ಬೈನಿನ ಉಕ್ಕಿನ ಅಲಗುಗಳನ್ನೇ ಸವೆಸುವುದನ್ನು ಕಂಡರು. ಅಮೆರಿಕದಲ್ಲಿ ಲಾಸ್ 1941ರಲ್ಲಿ ಮಳೆಹನಿಗಳ ವೇಗವನ್ನು ಅಳೆದ ಮೇಲೆ, 1944ರಲ್ಲಿ ಎಲಿಸನ್ ಮಣ್ಣಿನ ಕಣಗಳನ್ನು ಮೊದಲು ಬಿಡಿಸುವುದು ಹನಿಯ ಪೆಟ್ಟೇ ಎಂದು ಪ್ರಯೋಗಗಳಿಂದ ತೋರಿಸಿದನು.

ಐದು ಮಿಲಿಮೀಟರ್ ವ್ಯಾಸದ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ನೆಲವನ್ನು ಮುಟ್ಟುತ್ತದೆ. ಅರ್ಧ ಮಿಲಿಮೀಟರಿನ ತುಂತುರುಹನಿಯ ವೇಗ ಸುಮಾರು 2 ಮೀಟರ್. ತೂಕವನ್ನೂ ಸೇರಿಸಿ ಎಣಿಸಿದರೆ ಮೊದಲನೆಯದರ ಶಕ್ತಿ ಎರಡನೆಯದರ ಸುಮಾರು 20,000 ಪಟ್ಟು. ಗಟ್ಟಿ ಮೈಗೆ ತಾಗಿದ ಮೊದಲ ಕ್ಷಣದಲ್ಲಿ ನೀರಿಗೆ ಪಕ್ಕಕ್ಕೆ ಸರಿಯಲು ಅವಕಾಶವಿಲ್ಲದೆ ಒತ್ತಡ ಏರುತ್ತದೆ. ಮರುಕ್ಷಣವೇ ಬಿದ್ದ ವೇಗವನ್ನೂ ಮೀರಿ ಅದು ತೆಳುಪದರವಾಗಿ ಚಿಮ್ಮುತ್ತದೆ. ಬರಿಯ ಮಣ್ಣಾದರೆ ಕಣಗಳೂ ಅದರೊಡನೆ ಸಿಡಿಯುತ್ತವೆ. ಇಳಿಜಾರಿನಲ್ಲಿ ಅವುಗಳ ಹೆಚ್ಚಿನ ಪಾಲು ಕೆಳಗೇ ಬೀಳುತ್ತದೆ. ಉಳಿದ ನುಣುಪು ಕಣಗಳು ನೆಲದ ರಂಧ್ರಗಳನ್ನು ಮುಚ್ಚಿ ಹೆಪ್ಪುಗಟ್ಟುವುದರಿಂದ, ಮುಂದಿನ ಮಳೆ ಇಂಗದೆ ಹರಿಯುತ್ತದೆ. ಹರಿವ ನೀರು ಹೊರುವುದು ಹನಿ ಬಿಡಿಸಿಟ್ಟ ಮಣ್ಣನ್ನೇ.

ಈ ದೃಷ್ಟಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳನ್ನು ನೋಡಬೇಕು. ಭರಣಿ, ಕೃತ್ತಿಕೆಗಳ ಗುಡುಗುಮಳೆ ದಪ್ಪ ಹನಿಯದು. ಅದು ಬೀಳುವುದು ಆಗತಾನೆ ಉತ್ತ ಕೆಂಪು ಹೊಲದ ಮೇಲೆ. ಹೊಗೆಸೊಪ್ಪಿನ ಸಸಿಗಳನ್ನು ನೆಡುವುದೂ ಆ ದಿನಗಳಲ್ಲಿಯೇ. ಎಲೆ ಹರಡುವವರೆಗೆ ಸಾಲುಗಳ ನಡುವಣ ನೆಲ ಬತ್ತಲೆ. ರಾಗಿಯ ನಡುವೆ ಅವರೆ ಮುಂತಾದುವನ್ನು ಬಿತ್ತುವ ಹಳೆಯ ಅಕ್ಕಡಿಯ ಪದ್ಧತಿ ನೆಲಕ್ಕೆ ಹೊದಿಕೆಯನ್ನೂ ಒದಗಿಸುತ್ತದೆ. ಕಾಡೇ ಸಾಕೆಂದೂ ಹೇಳುವಂತಿಲ್ಲ. ತೇಗದ ಅಗಲವಾದ ಎಲೆಗಳು ಹನಿಗಳನ್ನು ಕೂಡಿಸಿ ಇನ್ನೂ ದಪ್ಪಗೆ ಮಾಡಿ ಉದುರಿಸುತ್ತವೆ. ಅಡಿಯಲ್ಲಿ ತರಗೆಲೆ, ಪೊದೆಗಳಿಲ್ಲದಿದ್ದರೆ ಅಲ್ಲಿಯೂ ಮಣ್ಣು ಸಿಡಿಯುತ್ತದೆ.

ಆದುದರಿಂದ ಕೆರೆಯ ಚರಿತ್ರೆಯನ್ನು ಏರಿ ತೂಬುಗಳಲ್ಲಿ ಮಾತ್ರ ಹುಡುಕುವುದು ಅಪೂರ್ಣವೆಂದು ನಮ್ಮ ಅಭಿಪ್ರಾಯ. ಮೇಲಣ ಹೊಲದಲ್ಲಿ ಯಾವ ಕಾಲದಲ್ಲಿ ಯಾವ ಬೆಳೆಯಿತ್ತು, ಯಾವ ತಿಂಗಳಲ್ಲಿ ನೆಲ ಬರಿದಾಗಿತ್ತು ಎಂಬುದನ್ನೂ ವಿದ್ಯಾರ್ಥಿಗಳು ಕಂದಾಯದ ಕಡತಗಳಲ್ಲಿಯೂ ಹಿರಿಯ ರೈತರ ನೆನಪಿನಲ್ಲಿಯೂ ಅರಸಬೇಕು. ಹೂಳೆತ್ತಿದ ಕೆರೆ ಮತ್ತೆ ತುಂಬದಿರಬೇಕಾದರೆ ಹನಿಗೂ ಮಣ್ಣಿಗೂ ನಡುವೆ ಒಂದು ಎಲೆಯಾದರೂ ಇರಬೇಕು.