ಹಿಟ್‌ಗಳನ್ನು ಸಂಶಯಿಸುವ ಶಿಕ್ಷಣ: ಔಷಧ ಶೋಧದ ಆರಂಭದಲ್ಲಿ ಅಸ್ಸೇ ತರಬೇತಿ

ಔಷಧ ಶೋಧದ ಮೊದಲ ಹಂತದಲ್ಲಿ ಸಂಶೋಧಕರ ಮುಂದೆ ಔಷಧವೂ ಇರುವುದಿಲ್ಲ, ರೋಗಿಯೂ ಇರುವುದಿಲ್ಲ. ಇರುವುದು ಒಂದು ಅಸ್ಸೇ. ಕಿಣ್ವವೋ ಜೀವಕೋಶವೋ ಒಂದು ಸಂಯುಕ್ತಕ್ಕೆ ತೋರುವ ಪ್ರತಿಕ್ರಿಯೆಯನ್ನು ಬೆಳಕಾಗಿ ಅಥವಾ ಬಣ್ಣವಾಗಿ ಅಳೆದು ಅಂಕಿಗೆ ಇಳಿಸುವ ಏರ್ಪಾಡು ಅದು. ಲಕ್ಷಗಟ್ಟಲೆ ಸಂಯುಕ್ತಗಳಲ್ಲಿ ಯಾವುದನ್ನು ಮುಂದಕ್ಕೆ ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಆ ಅಂಕಿಯೇ ತೀರ್ಮಾನಿಸುತ್ತದೆ. ಇಷ್ಟಾದರೂ ಅಸ್ಸೇ ರೂಪಿಸುವ ವಿದ್ಯೆ ಬಹುಮಟ್ಟಿಗೆ ಪ್ರಯೋಗಾಲಯದ ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಸಾಗಿಬರುತ್ತಿದೆ. ಎಲ್ಲಿ ವ್ಯವಸ್ಥಿತವಾಗಿ ಕಲಿಸುತ್ತಾರೋ ಅಲ್ಲಿಯೂ ಒತ್ತು ಬೀಳುವುದು ಏರುಪೇರಿಲ್ಲದ ಅಂಕಿಗಳ ಮೇಲೆ. ಅದು ಅಗತ್ಯ, ಆದರೆ ಸಾಲದು. ಅಂಕಿ ಸ್ಥಿರವಾಗಿದೆಯೇ ಎಂಬ ಪ್ರಶ್ನೆ ಬೇರೆ, ಅದು ನಾವು ಅಂದುಕೊಂಡದ್ದನ್ನೇ ಅಳೆಯುತ್ತಿದೆಯೇ ಎಂಬ ಪ್ರಶ್ನೆ ಬೇರೆ. ಎರಡನೆಯದನ್ನು ಕೇಳುವ ಅಭ್ಯಾಸವೇ ತರಬೇತಿಯ ತಿರುಳಾಗಬೇಕು ಎಂಬುದು ಈ ಲೇಖನದ ವಾದ.

ಈ ವ್ಯತ್ಯಾಸವನ್ನು ಪಿಟಿಸಿ124 ಎಂಬ ಅಣುವಿನ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದಿಲ್ಲ. ಡುಶೆನ್ ಸ್ನಾಯುಕ್ಷಯದಂಥ ಆನುವಂಶಿಕ ಕಾಯಿಲೆಗಳಲ್ಲಿ ಒಂದು ಪಾಲು ರೋಗಿಗಳ ಜೀನಿನಲ್ಲಿ, ಇರಬಾರದ ಜಾಗದಲ್ಲಿ ಸ್ಟಾಪ್ ಕೋಡಾನ್ ಇರುತ್ತದೆ. ಪ್ರೋಟೀನಿನ ತಯಾರಿಕೆ ಅರ್ಧಕ್ಕೇ ನಿಂತುಹೋಗುತ್ತದೆ. ಈ ತಡೆಯನ್ನು ದಾಟಿಸುವ ಅಣುವನ್ನು ಹುಡುಕಲು ಅಮೆರಿಕದ ಪಿಟಿಸಿ ಥೆರಪ್ಯೂಟಿಕ್ಸ್ ಕಂಪನಿ ಮಿಂಚುಹುಳುವಿನ ಲೂಸಿಫರೇಸ್ ಕಿಣ್ವದ ಜೀನಿನಲ್ಲಿ ಅಂಥದೇ ಸ್ಟಾಪ್ ಕೋಡಾನ್ ಇಟ್ಟು ಜೀವಕೋಶಗಳಿಗೆ ಸೇರಿಸಿತು. ಅಣು ತಡೆಯನ್ನು ದಾಟಿಸಿದರೆ ಪೂರ್ಣ ಕಿಣ್ವ ತಯಾರಾಗುತ್ತದೆ, ಬೆಳಕು ಹೆಚ್ಚುತ್ತದೆ ಎಂಬುದು ತರ್ಕ. ಸುಮಾರು 8 ಲಕ್ಷ ಸಂಯುಕ್ತಗಳ ಸ್ಕ್ರೀನಿಂಗ್ ಮತ್ತು ಅದರ ಬೆನ್ನಿಗೆ ನಡೆದ ರಾಸಾಯನಿಕ ಸುಧಾರಣೆಯಿಂದ ಹೊಮ್ಮಿದ ಪಿಟಿಸಿ124ರ ವಿವರ 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

2009ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡಗ್ಲಸ್ ಆಲ್ಡ್, ಜೇಮ್ಸ್ ಇಂಗ್ಲೀಸ್ ಮತ್ತು ಸಂಗಡಿಗರು ಇದೇ ಬೆಳಕಿಗೆ ಬೇರೊಂದು ಕಾರಣ ಕೊಟ್ಟರು. ಪಿಟಿಸಿ124 ಲೂಸಿಫರೇಸ್ ಕಿಣ್ವಕ್ಕೇ ಬಿಗಿಯಾಗಿ ಅಂಟಿ ಅದನ್ನು ತಡೆಯುತ್ತದೆ ಎಂದು ಅವರು ತೋರಿಸಿದರು. ಕಿಣ್ವವನ್ನು ತಡೆಯುವ ಅಣು ಬೆಳಕನ್ನು ಕುಗ್ಗಿಸಬೇಕಲ್ಲವೇ, ಹೆಚ್ಚಿಸಿದ್ದು ಹೇಗೆ? ಜೀವಕೋಶದೊಳಗೆ ಲೂಸಿಫರೇಸ್ ಸದಾ ಒಡೆದುಹೋಗುತ್ತಲೇ ಇರುತ್ತದೆ. ಅಣು ಅಂಟಿಕೊಂಡ ಕಿಣ್ವ ಹಾಗೆ ಬೇಗ ಒಡೆಯದೆ ಕೋಶದಲ್ಲಿ ಶೇಖರವಾಗುತ್ತದೆ. ಕೊನೆಯಲ್ಲಿ ಅಳತೆಗೆಂದು ಲೂಸಿಫೆರಿನ್ ಮತ್ತು ಎಟಿಪಿ ಧಾರಾಳವಾಗಿರುವ ದ್ರಾವಣವನ್ನು ಸುರಿದಾಗ ಅಣು ಕಿಣ್ವದಿಂದ ಕಳಚುತ್ತದೆ, ಶೇಖರವಾಗಿದ್ದ ಕಿಣ್ವವೆಲ್ಲ ಒಮ್ಮೆಲೇ ಬೆಳಗುತ್ತದೆ. ನೋಡುವವರಿಗೆ ಕಿಣ್ವದ ಉತ್ಪಾದನೆಯೇ ಹೆಚ್ಚಿದಂತೆ ಕಾಣುತ್ತದೆ. ರೆನಿಲ್ಲಾ ಎಂಬ ಸಮುದ್ರಜೀವಿಯ ಲೂಸಿಫರೇಸ್ ಬಳಸಿದಾಗ ಈ ಪರಿಣಾಮ ಕಾಣಲಿಲ್ಲ. ಎರಡೂ ಕಿಣ್ವಗಳು ಬೆಳಕನ್ನೇ ಕೊಡುತ್ತವೆ, ಆದರೆ ರಚನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಆದ್ದರಿಂದಲೇ ಈ ಹೋಲಿಕೆಗೆ ಸಾಕ್ಷ್ಯದ ಬೆಲೆ.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಂಪನಿ ತನ್ನ ನಿಲುವನ್ನು ಸಮರ್ಥಿಸಿಕೊಂಡಿತು. 2013ರಲ್ಲಿ ಡಂಡೀ ವಿಶ್ವವಿದ್ಯಾಲಯದ ತಂಡ ಲೂಸಿಫರೇಸ್‌ನಂತೆ ಸುಳಿವು ಕೊಡುವ ಪ್ರೋಟೀನುಗಳ ಬೇರೆಬೇರೆ ರಿಪೋರ್ಟರ್ ಅಸ್ಸೇಗಳಲ್ಲಿ ಸ್ಟಾಪ್ ಕೋಡಾನ್ ದಾಟಿಸುವ ಪರಿಣಾಮ ಸಿಗಲಿಲ್ಲವೆಂದು ವರದಿ ಮಾಡಿತು. 2016ರಲ್ಲಿ ಪರಿಣಾಮವಿದೆ ಎನ್ನುವ ಜೀವರಾಸಾಯನಿಕ ಸಾಕ್ಷ್ಯವೂ ಪ್ರಕಟವಾಯಿತು. ಅಟಾಲುರೆನ್ ಎಂಬ ಹೆಸರಿನಲ್ಲಿ ಈ ಅಣುವಿಗೆ 2014ರಲ್ಲಿ ಯುರೋಪಿನ ಒಕ್ಕೂಟ ಷರತ್ತಿನ ಅನುಮತಿ ನೀಡಿತು, 2025ರಲ್ಲಿ ಅದನ್ನು ನವೀಕರಿಸಲಿಲ್ಲ. ಅಣು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ತೀರ್ಪು ಇಲ್ಲಿನ ವಿಷಯವಲ್ಲ. ಮೊದಲ ಅಸ್ಸೇಯ ಅಂಕಿಯೊಂದರಿಂದಲೇ ಆ ತೀರ್ಪು ಸಾಧ್ಯವಿರಲಿಲ್ಲ, ಅಷ್ಟೆ.

ಈಗ ತರಬೇತಿ ಶಿಬಿರಗಳಲ್ಲಿ ಎಲ್ಲರೂ ಮೊದಲು ಕಲಿಯುವ ಝೆಡ್-ಪ್ರೈಮ್‌ಗೆ ಬರೋಣ. 1999ರಲ್ಲಿ ಜಾಂಗ್, ಚುಂಗ್ ಮತ್ತು ಓಲ್ಡನ್‌ಬರ್ಗ್ ಸೂಚಿಸಿದ ಈ ಮಾನದಂಡದ ಲೆಕ್ಕ ಸುಲಭ. ಗರಿಷ್ಠ ಮತ್ತು ಕನಿಷ್ಠ ಸಿಗ್ನಲ್ ಕೊಡುವ ನಿಯಂತ್ರಣಗಳ ಮಾನಕ ವಿಚಲನೆಗಳನ್ನು ಕೂಡಿಸಿ ಮೂರರಿಂದ ಗುಣಿಸಬೇಕು, ಎರಡರ ಸರಾಸರಿಗಳ ಅಂತರದಿಂದ ಭಾಗಿಸಬೇಕು, ಬಂದದ್ದನ್ನು ಒಂದರಿಂದ ಕಳೆಯಬೇಕು. 0.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಸ್ಸೇ ಸ್ಕ್ರೀನಿಂಗಿಗೆ ಯೋಗ್ಯ. ಉದಾಹರಣೆಗೆ ಸರಾಸರಿಗಳು 1000 ಮತ್ತು 100, ವಿಚಲನೆಗಳು 60 ಮತ್ತು 30 ಆಗಿದ್ದರೆ ಬೆಲೆ 0.7. ಸರಾಸರಿಗಳು ಅವೇ ಇದ್ದು ವಿಚಲನೆಗಳು 200 ಮತ್ತು 50 ಆದರೆ ಬೆಲೆ 0.17ಕ್ಕೆ ಕುಸಿಯುತ್ತದೆ. ಹಿನ್ನೆಲೆಗಿಂತ ಸಿಗ್ನಲ್ ಹತ್ತು ಪಟ್ಟು ಎಂಬ ಹೆಮ್ಮೆ ಎರಡು ಕಡೆಯೂ ಒಂದೇ, ಉಪಯೋಗ ಮಾತ್ರ ಒಂದೇ ಅಲ್ಲ. ವಿದ್ಯಾರ್ಥಿಗೆ ಇದನ್ನು ಕಲಿಸಲೇಬೇಕು. ಆದರೆ ಬಟ್ಟಿನಲ್ಲೇ ಮೋಸವಿರುವ ತಕ್ಕಡಿಯೂ ಪ್ರತಿಸಲ ಒಂದೇ ತೂಕ ತೋರಿಸುತ್ತದೆ. ನಿಯಂತ್ರಣಗಳ ವೆಲ್‌ಗಳಲ್ಲಿ, ಅಂದರೆ ಪ್ಲೇಟಿನ ಗುಳಿಗಳಲ್ಲಿ, ಸಂಶಯಾಸ್ಪದ ಸಂಯುಕ್ತ ಇರುವುದೇ ಇಲ್ಲವಾದ್ದರಿಂದ, ಲೂಸಿಫರೇಸ್‌ಗೆ ಅಂಟುವ ಅಣುವನ್ನು ಹಿಡಿದುಕೊಡುವ ಶಕ್ತಿ ಝೆಡ್-ಪ್ರೈಮ್‌ಗೆ ಇಲ್ಲ.

ಇಂಥ ಅಣುಗಳು ಅಪರೂಪವೂ ಅಲ್ಲ. ಆಲ್ಡ್ ಅವರ ತಂಡ 2008ರಲ್ಲಿ 70,000ಕ್ಕೂ ಹೆಚ್ಚು ಸಂಯುಕ್ತಗಳನ್ನು ಪರೀಕ್ಷಿಸಿದಾಗ ಸುಮಾರು ಶೇಕಡ 3ರಷ್ಟು ಮಿಂಚುಹುಳುವಿನ ಲೂಸಿಫರೇಸನ್ನು ತಡೆದವು. ಬ್ರಯಾನ್ ಶಾಯ್ಕೆಟ್ ಅವರ ಗುಂಪಿನ ಫಲಿತಾಂಶ ಇನ್ನೂ ಕಟು. ಬೀಟಾ-ಲ್ಯಾಕ್ಟಮೇಸ್ ಕಿಣ್ವದ ಮೇಲೆ 70,563 ಸಂಯುಕ್ತಗಳನ್ನು ಹಾಯಿಸಿದಾಗ ಸಿಕ್ಕ ಹಿಟ್‌ಗಳು, ಅಂದರೆ ಕಿಣ್ವವನ್ನು ತಡೆದಂತೆ ಕಂಡ ಸಂಯುಕ್ತಗಳು, 1,274. ಅದೇ ಅಸ್ಸೇಗೆ ಸ್ವಲ್ಪ ಮಾರ್ಜಕ ಸೇರಿಸಿದ ಕೂಡಲೇ ಅವುಗಳಲ್ಲಿ ಶೇಕಡ 95ರ ಪ್ರತಾಪ ಅಡಗಿತು. ಆ ಸಂಯುಕ್ತಗಳು ನೀರಿನಲ್ಲಿ ಸೂಕ್ಷ್ಮ ಮುದ್ದೆಗಟ್ಟಿ, ಮುದ್ದೆಯ ಮೈಗೆ ಕಿಣ್ವವನ್ನು ಅಂಟಿಸಿಕೊಂಡು ನಿಷ್ಕ್ರಿಯಗೊಳಿಸುತ್ತಿದ್ದವು. ಮದ್ದಾಗುವ ಗುಣ ಅವುಗಳಲ್ಲಿ ಇರಲಿಲ್ಲ. ಶೇಕಡ 0.01ರಷ್ಟು ಟ್ರೈಟಾನ್ ಎಕ್ಸ್-100 ಹಾಕಿ ಮತ್ತೊಮ್ಮೆ ಅಳೆಯುವುದಕ್ಕೆ ಆಗುವ ಖರ್ಚು ನಗಣ್ಯ. ಅದನ್ನು ಮಾಡಬೇಕೆಂದು ಹೊಳೆಯುವುದು ಮಾತ್ರ ಶಿಕ್ಷಣದ ಪ್ರಶ್ನೆ.

ಕೈಕೆಲಸದ ಪಾಠಗಳನ್ನು ಹಗುರವಾಗಿ ಕಾಣಬೇಕಿಲ್ಲ. 384 ವೆಲ್‌ಗಳ ಪ್ಲೇಟಿನಲ್ಲಿ 76 ವೆಲ್‌ಗಳು ಅಂಚಿನವು, ಅಂದರೆ ಐದರಲ್ಲಿ ಒಂದು. ಇನ್‌ಕ್ಯುಬೇಟರಿನಲ್ಲಿ ಅಂಚಿನ ವೆಲ್‌ಗಳ ದ್ರವ ಮೊದಲು ಆರುತ್ತದೆ. ನಿಯಂತ್ರಣಗಳನ್ನು ಅಂಚಿನ ಸಾಲುಗಳಲ್ಲೇ ಇಡುವುದು ರೂಢಿಯಾದ್ದರಿಂದ ಅಲ್ಲಿಯ ದೋಷ ಇಡೀ ಪ್ಲೇಟಿನ ಲೆಕ್ಕಕ್ಕೆ ಹಬ್ಬುತ್ತದೆ. ಕಿಣ್ವದ ಪ್ರಮಾಣವೂ ಹಾಗೆಯೇ ಕಾಡುತ್ತದೆ. ಒಂದಕ್ಕೊಂದರಂತೆ ಅಂಟುವ ತಡೆಯಣುವಿನ ಐಸಿ50 ಬೆಲೆ (ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ) ಅಸ್ಸೇಯಲ್ಲಿರುವ ಸಕ್ರಿಯ ಕಿಣ್ವದ ಅರ್ಧಕ್ಕಿಂತ ಕೆಳಗಿಳಿಯಲಾರದು. 20 ನ್ಯಾನೋಮೋಲಾರ್ ಕಿಣ್ವ ಇಟ್ಟುಕೊಂಡವರ ಅತ್ಯುತ್ತಮ ಸಂಯುಕ್ತಗಳೆಲ್ಲ 10ರ ಆಸುಪಾಸಿನಲ್ಲಿ ಗುಂಪುಗೂಡುತ್ತವೆ. ರಸಾಯನಶಾಸ್ತ್ರಜ್ಞರು ತಿಂಗಳುಗಟ್ಟಲೆ ದುಡಿದು ಸುಧಾರಿಸಿದ್ದು ಅಸ್ಸೇಯ ಕಣ್ಣಿಗೆ ಬೀಳುವುದೇ ಇಲ್ಲ.

ಇವೆಲ್ಲವನ್ನೂ ಒಂದೆಡೆ ಹೇಳುವ ಗ್ರಂಥ ಇದೆ. ಇಲೈ ಲಿಲ್ಲಿ ಕಂಪನಿಯ ಒಳಬಳಕೆಯ ಕೈಪಿಡಿಯಾಗಿದ್ದ 'ಅಸ್ಸೇ ಗೈಡೆನ್ಸ್ ಮ್ಯಾನುಯಲ್' 2005ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೂಲಕ ಸಾರ್ವಜನಿಕವಾಯಿತು. 2012ರಿಂದ ಅದು ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಇ-ಪುಸ್ತಕ. ಅದೇ ಸಂಸ್ಥೆಯ ಎನ್‌ಕ್ಯಾಟ್ಸ್ ಕೇಂದ್ರ ಅದನ್ನು ಆಧರಿಸಿ ಕಾರ್ಯಾಗಾರಗಳನ್ನೂ ನಡೆಸುತ್ತದೆ. ಗರಿಷ್ಠ, ಕನಿಷ್ಠ, ನಡುವಿನ ಸಿಗ್ನಲ್‌ಗಳನ್ನು ಪ್ಲೇಟಿನ ತುಂಬ ಹೆಣೆದು ಮೂರು ದಿನ ಪರೀಕ್ಷಿಸುವ ಕ್ರಮ ಅದರಲ್ಲಿದೆ. ಒಂದೇ ಗುಂಪಿನ ಸಂಯುಕ್ತಗಳನ್ನು ಎರಡು ಸಲ ಸ್ವತಂತ್ರವಾಗಿ ಅಳೆದು, ಎಷ್ಟು ಪಟ್ಟಿನ ವ್ಯತ್ಯಾಸವನ್ನು ನಂಬಬಹುದೆಂದು ಲೆಕ್ಕ ಹಾಕುವ ವಿಧಾನವೂ ಇದೆ. ಆ ಮಿತಿ 3 ಎಂದು ಬಂದರೆ, ಎರಡು ಪಟ್ಟು ಪ್ರಬಲವಾಗಿ ಕಂಡ ಅಣುವನ್ನು ಉತ್ತಮವೆಂದು ಕರೆಯುವ ಹಕ್ಕು ನಮಗಿಲ್ಲ. ಪುಸ್ತಕದ ಕೊರತೆ ಇಲ್ಲ ಎಂದಾಯಿತು. ನನ್ನ ತಕರಾರು ಕಲಿಸುವ ಕ್ರಮದ ಬಗ್ಗೆ. ಶಿಬಿರಾರ್ಥಿಗಳಿಗೆ ಚೊಕ್ಕವಾಗಿ ಕೆಲಸ ಮಾಡುವ ಅಸ್ಸೇ ಕೊಟ್ಟು ಒಳ್ಳೆಯ ಝೆಡ್-ಪ್ರೈಮ್ ತೆಗೆಸುವುದರಿಂದ ಕೈ ಪಳಗುತ್ತದೆ, ಸಂಶಯ ಮೊಳೆಯುವುದಿಲ್ಲ. ಅದರ ಬದಲು ಮುದ್ದೆಗಟ್ಟುವ, ತಾವೇ ಹೊಳೆಯುವ, ರಿಪೋರ್ಟರ್ ಕಿಣ್ವಕ್ಕೆ ಅಂಟುವ ಸಂಯುಕ್ತಗಳನ್ನು ಗುಟ್ಟಾಗಿ ಬೆರೆಸಿದ ಒಂದು ಪುಟ್ಟ ಸಂಗ್ರಹ ಕೊಡಬೇಕು. ಸಿಕ್ಕ ಪ್ರತಿಯೊಂದು ಹಿಟ್ ಸುಳ್ಳಾಗಿದ್ದರೆ ಅದನ್ನು ಬಯಲು ಮಾಡುವ ಪ್ರಯೋಗ ಯಾವುದು ಎಂದು, ಆ ಪ್ರಯೋಗ ಮಾಡುವ ಮುನ್ನವೇ ಬರೆಸಬೇಕು.

ಬೆಂಗಳೂರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಸಿಂಜೀನ್, ಜುಬಿಲಂಟ್ ಬಯೋಸಿಸ್, ಆರಿಜೀನ್‌ನಂಥ ಸಂಸ್ಥೆಗಳಿರುವ ಈ ನಗರದಲ್ಲಿ ಹೊರದೇಶದ ಕಂಪನಿಗಳಿಗಾಗಿ ಅಸ್ಸೇ ನಡೆಸುವುದು ದೊಡ್ಡ ಉದ್ಯೋಗ. ಇಂಥ ಗುತ್ತಿಗೆ ಕೆಲಸದಲ್ಲಿ ಪ್ರೋಟೋಕಾಲ್ ಬರುತ್ತದೆ, ಅದರ ಹಿಂದಿನ ಕಾರಣಗಳು ಬಂದೇ ಬರುತ್ತವೆಂದು ಹೇಳಲಾಗದು. ಮಾರ್ಜಕ ಯಾಕಿದೆ ಎಂದು ತಿಳಿಯದವರು ಅದು ಮುಗಿದ ದಿನ ಬಿಟ್ಟು ಮುಂದುವರಿಯಬಲ್ಲರು. ಪ್ಲೇಟುಗಳ ಎಣಿಕೆಯ ಮೇಲೆ ಹಣ ಸಂದಾಯವಾಗುವ ಕಡೆ ಹಿಟ್‌ಗಳನ್ನು ಕೊಲ್ಲುವ ಪ್ರಯೋಗಕ್ಕೆ ಸಮಯ ಕೇಳುವುದೂ ಸುಲಭವಲ್ಲ. ವಿಶ್ವವಿದ್ಯಾಲಯಗಳಲ್ಲಿ ಆ ಒತ್ತಡ ಬೇರೆ ರೂಪದ್ದು. ಅಲ್ಲಿ ಹಿಟ್ ಉಳಿದರೆ ಪ್ರಬಂಧ, ಸತ್ತರೆ ಏನೂ ಇಲ್ಲ. ಪಿಎಚ್.ಡಿ. ನಿಯಮಗಳಲ್ಲಿ ಒಂದು ಸಣ್ಣ ತಿದ್ದುಪಡಿ ಇದನ್ನು ಸ್ವಲ್ಪವಾದರೂ ಬದಲಿಸೀತು: ಕೈಬಿಟ್ಟ ಹಿಟ್‌ಗಳನ್ನೂ ಅವುಗಳನ್ನು ಬಿಡಲು ಕಾರಣವಾದ ಪ್ರಯೋಗಗಳನ್ನೂ ಮಹಾಪ್ರಬಂಧದ ಪೂರ್ಣ ಅಧ್ಯಾಯವಾಗಿ ಸ್ವೀಕರಿಸುವುದು, ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆಗಳನ್ನು ಆ ಅಧ್ಯಾಯದಿಂದಲೇ ಕೇಳುವುದು.