ಹೆಸರು ಆಮೇಲೆ ಬಂತು

ವರ್ಷಗಟ್ಟಲೆ ಪ್ರೋಗ್ರಾಂ ಬರೆದು ಪಳಗಿದವರು ‘ಡಿಸೈನ್ ಪ್ಯಾಟರ್ನ್’ಗಳನ್ನು ತಿಳಿದೇ ಬಳಸುತ್ತಾರೆಯೇ, ಇಲ್ಲ ಅವು ತಾವಾಗಿ ಕೈಗೆ ಬರುತ್ತವೆಯೇ? ಸಂಶೋಧನೆಗೆಂದು ಇವುಗಳ ಚರಿತ್ರೆ ಓದುವಾಗ ನನ್ನನ್ನು ಕಾಡಿದ ಪ್ರಶ್ನೆಯಿದು.

ಪ್ಯಾಟರ್ನ್ ಎಂದರೆ ಮತ್ತೆ ಮತ್ತೆ ಎದುರಾಗುವ ತೊಡಕಿಗೆ ಮತ್ತೆ ಮತ್ತೆ ಒದಗಿಬಂದ ಪರಿಹಾರ, ಅದಕ್ಕೊಂದು ಹೆಸರು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡೀಸ್ ಇಂಥ 23 ಮಾದರಿಗಳನ್ನು ಒಟ್ಟುಮಾಡಿ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ ತಂದರು. ಅವು ಅವರ ಹೊಸ ಶೋಧಗಳೇನಲ್ಲ. ಪ್ರತಿ ಮಾದರಿಯೂ ಆಗಲೇ ಎಲ್ಲಿ ಬಳಕೆಯಲ್ಲಿತ್ತು ಎಂಬುದನ್ನು ಪುಸ್ತಕವೇ ಹೇಳುತ್ತದೆ. ಒಂದು ವಸ್ತು ಬದಲಾದಾಗ ಅದನ್ನು ನೆಚ್ಚಿದ ಉಳಿದವಕ್ಕೆ ಸುದ್ದಿ ಮುಟ್ಟಿಸುವ ‘ಅಬ್ಸರ್ವರ್’ ಅನ್ನೇ ನೋಡಿ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಜೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ‘ಮಾಡೆಲ್-ವ್ಯೂ-ಕಂಟ್ರೋಲರ್’ ರೂಪಿಸಿದರು. ಅದನ್ನು ಒಳಗೊಂಡ ಸ್ಮಾಲ್‌ಟಾಕ್-80ರಲ್ಲಿ ಈ ಏರ್ಪಾಡು ಇತ್ತು. ಪುಸ್ತಕ ಬರುವ ಎಷ್ಟೋ ಮೊದಲೇ ಬರೆಯುವವರ ಕೈಗೆ ಅದು ಗೊತ್ತಿತ್ತು. ಪಂಪ 10ನೇ ಶತಮಾನದಲ್ಲಿ ಕಾವ್ಯ ಬರೆದ. ಕೇಶಿರಾಜ ಕವಿಪ್ರಯೋಗಗಳನ್ನು ಆಧರಿಸಿ ‘ಶಬ್ದಮಣಿದರ್ಪಣ’ ಬರೆದದ್ದು 13ರಲ್ಲಿ.

ಹಾಗಾದರೆ ಹೆಸರು ಯಾರಿಗೆ ಬೇಕಿತ್ತು? ಉತ್ತರ ಇನ್ನೂ ಹಿಂದಿದೆ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಸಂಗಡಿಗರೊಂದಿಗೆ 1977ರಲ್ಲಿ ಪ್ರಕಟಿಸಿದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ನಲ್ಲಿ 253 ಮಾದರಿಗಳಿವೆ. ಮನೆಯಲ್ಲಿ ಬಾಳುವವರೇ ಮನೆಯನ್ನು ರೂಪಿಸಲಿ ಎಂಬುದು ಅವರ ಆಸೆ. 1987ರಲ್ಲಿ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಈ ವಿಚಾರವನ್ನು ಪ್ರೋಗ್ರಾಮಿಂಗ್‌ಗೆ ತಂದಾಗಲೂ ಐದೇ ಮಾದರಿಗಳನ್ನು ಕೊಟ್ಟು, ಕಂಪ್ಯೂಟರ್ ಪರದೆಯ ವಿನ್ಯಾಸವನ್ನು ಅದನ್ನು ಬಳಸುವವರಿಂದಲೇ ಮಾಡಿಸಿದರು. ಪಳಗದವರೂ ಮಾತಿಗೆ ಕೂರಲಿ ಎಂದೇ ಹೆಸರು ಹುಟ್ಟಿತು.

ಆಮೇಲೆ ಅದು ಬಾಯಿಪಾಠವಾಯಿತು, ಕೆಲಸದ ಸಂದರ್ಶನದ ಪ್ರಶ್ನೆಯಾಯಿತು. ನಾನೂ ಮೊದಲು ಹೆಸರು ಕಲಿತು, ಅದಕ್ಕೆ ತಕ್ಕ ತೊಡಕನ್ನು ಆಮೇಲೆ ಹುಡುಕಿದವನೇ. ಎರಡು ಸಾಲಿನ ಕೆಲಸಕ್ಕೆ ‘ಫ್ಯಾಕ್ಟರಿ’ ಕಟ್ಟಿದ್ದೆ. ಆ 23ರಲ್ಲಿ 16 ಮಾದರಿಗಳು ಲಿಸ್ಪ್, ಡಿಲನ್‌ನಂಥ ಭಾಷೆಗಳಲ್ಲಿ ಸರಳವಾಗುತ್ತವೆ ಅಥವಾ ಕಾಣದಂತಾಗುತ್ತವೆ ಎಂದು ಪೀಟರ್ ನಾರ್ವಿಗ್ 1996ರಲ್ಲಿ ತೋರಿಸಿದರು. ಅದೇ ವರ್ಷ ಪ್ರೋಗ್ರಾಮರ್‌ಗಳ ಸಮ್ಮೇಳನಕ್ಕೆ ಬಂದ ಅಲೆಕ್ಸಾಂಡರ್, ಇವುಗಳಿಂದ ನಿಮ್ಮ ಪ್ರೋಗ್ರಾಂಗಳು ನಿಜಕ್ಕೂ ಉತ್ತಮವಾಗಿವೆಯೇ ಎಂದು ಕೇಳಿದರು.

ನನಗೆ ತೋರುವುದಿಷ್ಟು: ಬರೆಯುವಾಗ ಅನುಭವಿಗಳಿಗೆ ಹೆಸರು ನೆನಪಾಗಬೇಕಿಲ್ಲ. ಪಕ್ಕದವರಿಗೆ ವಿವರಿಸುವಾಗ, ಇನ್ನೊಬ್ಬರ ಕೋಡ್ ತಿದ್ದುವಾಗ ಅದು ಬೇಕಾಗುತ್ತದೆ. ಹೊಸಬರಿಗೆ ಕಲಿಸುವ ನಾವು ಮೊದಲು ತೊಡಕನ್ನು ಕೊಟ್ಟು ಒಂದಿಷ್ಟು ದಿನ ಒದ್ದಾಡಲು ಬಿಡೋಣ. ಹೆಸರು ಆಮೇಲೆ ಬರಲಿ.